ನಡುಮೈದಾನದಲ್ಲಿ ಹಿರಿಯನ ಜಾಗ

ಹಾಕಿ ನೋಡುವವರಲ್ಲಿ ಹೆಚ್ಚಿನವರ ಕಣ್ಣು ಚೆಂಡಿನ ಜೊತೆಯಲ್ಲೇ ಓಡುತ್ತದೆ. ಫಾರ್ವರ್ಡ್ ಆಟಗಾರ ಗೋಲಿನ ಮುಂದಿನ ಡಿ ಒಳಗೆ ನುಗ್ಗಿದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಗೋಲ್‌ಕೀಪರ್ ಕಾಲು ಚಾಚಿ ತಡೆದರೆ ಇನ್ನೊಮ್ಮೆ ಏಳುತ್ತಾರೆ. ನಡುವೆ ಆಡುವವರಿಗೆ ಬೀಳುವ ಚಪ್ಪಾಳೆ ಕಡಿಮೆ. ನನಗೆ ಮಾತ್ರ ಚಿಕ್ಕಂದಿನಿಂದಲೂ ನಡುಮೈದಾನದ ಮೇಲೇ ಪ್ರೀತಿ, ಅದರಲ್ಲೂ ಸೆಂಟರ್ ಹಾಫ್ ಮೇಲೆ. ಸ್ಟಿಕ್ ಹಿಡಿದ ಕಾಲಕ್ಕೆ ಕೇಳಿ ಪಡೆದದ್ದು ಅದೇ ಜಾಗ. ಐವತ್ತು ದಾಟಿದ ಮೇಲೂ ಅಲ್ಲಿಂದ ಕದಲಲು ಮನಸ್ಸಿಲ್ಲ.

ಬೇರೆ ಊರಿನಲ್ಲಾಗಿದ್ದರೆ ಈ ವಯಸ್ಸಿನವನು ಗೆರೆಯಾಚೆ ಕುರ್ಚಿ ಹಾಕಿಕೊಂಡು ಕೂರಬೇಕಿತ್ತು. ಕೊಡಗಿನಲ್ಲಿ ಹಾಗಿಲ್ಲ. 1997ರಲ್ಲಿ ವಿರಾಜಪೇಟೆ ಬಳಿಯ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರುಮಾಡಿದಾಗ ಬಂದದ್ದು 60 ಕುಟುಂಬಗಳು. ಅಲ್ಲಿಂದಾಚೆಗೆ ಬೇಸಿಗೆ ಬಂದರೆ ಒಂದೊಂದು ಒಕ್ಕ, ಅಂದರೆ ಕೊಡವ ಕುಟುಂಬ, ತನ್ನ ಮನೆತನದ ಹೆಸರಿನಲ್ಲಿ ಕಪ್ ಇಟ್ಟು ಈ ಉತ್ಸವ ನಡೆಸುತ್ತ ಬಂದಿದೆ. ನಡುವೆ ಕೆಲವು ವರ್ಷ ನಿಂತದ್ದುಂಟು. 2018ರ ಮಳೆಗೆ ಗುಡ್ಡಗಳು ಕುಸಿದವು, ಆಮೇಲೆ ಕೋವಿಡ್ ಬಂತು. 2023ರಲ್ಲಿ ಮತ್ತೆ ಎದ್ದು ನಿಂತಿತು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳ ತಂಡಗಳು ಇಳಿದು ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಗಾಳಿಯಲ್ಲಿ ಗುಂಡು ಹಾರಿಸಿ ಶುರುವಾಗುವ ಈ ಹಬ್ಬದಲ್ಲಿ ತಂಡವನ್ನು ಯಾರೂ ಹರಾಜಿನಲ್ಲಿ ಕೊಳ್ಳುವುದಿಲ್ಲ, ಹೊರಗಿನಿಂದ ಕರೆಸುವುದಿಲ್ಲ. ಒಕ್ಕದವರೇ ತಂಡ. ಕಾಲೇಜು ಹುಡುಗ, ರಜೆಯ ಮೇಲೆ ಬಂದ ಫೌಜಿ, ಹಾಸ್ಟೆಲ್‌ನಲ್ಲಿ ಕಲಿತು ಬಂದ ಹುಡುಗಿ, ಕಾಫಿ ತೋಟದ ಚಿಕ್ಕಪ್ಪ, ಪೆನ್ಷನ್ ತೆಗೆದುಕೊಳ್ಳುವ ದೊಡ್ಡಪ್ಪ ಎಲ್ಲರೂ ಒಂದೇ ಬಣ್ಣದ ಅಂಗಿ ಹಾಕಿಕೊಂಡು ಒಟ್ಟಿಗೆ ಇಳಿಯುತ್ತಾರೆ.

ಹಾಗೆ ಇಳಿಯುವ ಹಿಂದಿನ ಸಂಜೆ ಒಕ್ಕದ ಮೂಲಮನೆಯಾದ ಐನ್‌ಮನೆಯ ಜಗಲಿಯಲ್ಲಿ, ಕೈಯಾಲೆಯಲ್ಲಿ, ಯಾರು ಎಲ್ಲಿ ಆಡಬೇಕೆಂಬ ಮಾತು ನಡೆಯುತ್ತದೆ. ಗೋಲಿಗೆ ನಿಲ್ಲುವವರು ಸಿಗುವುದು ಕಷ್ಟ. ಫುಲ್ ಬ್ಯಾಕ್‌ಗೆ ಗಟ್ಟಿ ಮೈಯವರಿಬ್ಬರನ್ನು ಒಪ್ಪಿಸಬಹುದು. ನಡುವಿಗೆ ಬಂದಾಗ ನೂಕುನುಗ್ಗಲು. ಮಂಗಳೂರಿನಲ್ಲಿ ಓದುವ ಅಣ್ಣನ ಮಗನಿಗೆ ನಡುವೇ ಬೇಕು, ಪೊನ್ನಂಪೇಟೆಯ ಕ್ರೀಡಾನಿಲಯದಲ್ಲಿ ಆಡಿ ಪಳಗಿದ ಹುಡುಗಿಗೂ ಅದೇ ಬೇಕು, ರೆಜಿಮೆಂಟ್ ತಂಡದಲ್ಲಿ ಆಡುವವನಿಗಂತೂ ಬೇರೆ ಜಾಗ ಗೊತ್ತೇ ಇಲ್ಲ. ಚೆಂಡು ಹೆಚ್ಚು ಸಲ ಬರುವುದು ಅಲ್ಲಿಗೇ, ಆದ್ದರಿಂದ ಆಡುವ ಆಸೆ ಇರುವವರೆಲ್ಲ ಅಲ್ಲಿಗೇ ಬರುತ್ತಾರೆ. ಹಿರಿಯನೊಬ್ಬನನ್ನು ಈ ಗುಂಪಿನಲ್ಲಿ ಎಲ್ಲಿ ನಿಲ್ಲಿಸುವುದು ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ನಮ್ಮ ಮನೆಯ ಹುಡುಗ ಮರ್ಯಾದೆಯಿಂದಲೇ ಕೇಳಿದ್ದ: “ಚಿಕ್ಕಪ್ಪ, ಓಡೋದು ನಾವು ಓಡ್ತೇವೆ. ನೀವು ಹಿಂದೆ ಫುಲ್ ಬ್ಯಾಕ್‌ಗೆ ನಿಂತ್ರೆ ಸಾಲದಾ?” ಸಾಲದು ಎಂದೆ. ಹಿರಿಯನನ್ನು ಹಿಂದಕ್ಕೆ ನಿಲ್ಲಿಸುವುದು ಅವನಿಗೆ ಕೊಡುವ ವಿಶ್ರಾಂತಿ ಎಂದು ಹುಡುಗರು ತಿಳಿದಿರುತ್ತಾರೆ. ನಿಜವಾಗಿ ಅದು ಶಿಕ್ಷೆ. ವೇಗದ ಫಾರ್ವರ್ಡ್ ಒಬ್ಬ ಎದುರಿಗೆ ನುಗ್ಗಿ ಬಂದಾಗ ತಿರುಗಿ ಅವನ ಹಿಂದೆ ಓಡಲು ಬೇಕಾದದ್ದು ಇಪ್ಪತ್ತರ ಕಾಲು. ನಡುವಿನವನಿಗಾದರೆ ಮುಂದೆಯೂ ಜನ, ಹಿಂದೆಯೂ ಜನ. ಅಲ್ಲಿ ಓಟಕ್ಕಿಂತ ಮುಂಚೆ ನೋಟ ಬೇಕು.

ಆ ನೋಟದ ಬಗ್ಗೆ ಬರೆಯದೆ ನನಗೆ ಸಮಾಧಾನವಿಲ್ಲ. ಒಳ್ಳೆಯ ಸೆಂಟರ್ ಹಾಫ್ ಚೆಂಡು ತನ್ನ ಕಡೆ ಹೊರಟ ಮೇಲೆ ಸುತ್ತ ನೋಡುವುದಿಲ್ಲ. ಹೊರಡುವ ಮುಂಚೆಯೇ ನೋಡಿರುತ್ತಾನೆ. ಎಡ ಹೆಗಲಿನ ಮೇಲಿಂದ ಒಮ್ಮೆ, ಬಲ ಹೆಗಲಿನ ಮೇಲಿಂದ ಒಮ್ಮೆ. ನಮ್ಮ ಲೆಫ್ಟ್ ಔಟ್ ಗೆರೆಗೆ ಅಂಟಿ ನಿಂತಿದ್ದಾನೆಯೇ, ಎದುರಾಳಿಯ ಇನ್‌ಸೈಡ್ ಫಾರ್ವರ್ಡ್ ಎಷ್ಟು ದೂರದಲ್ಲಿದ್ದಾನೆ, ಅವನ ಸ್ಟಿಕ್ ನೆಲದ ಮೇಲಿದೆಯೋ ಸೊಂಟದ ಹತ್ತಿರವೋ, ಇಷ್ಟೂ ಆ ಎರಡು ನೋಟದಲ್ಲಿ ಸಿಗುತ್ತದೆ. ಆಮೇಲೆ ನಿಲ್ಲುವ ರೀತಿ. ಬರುವ ಚೆಂಡಿಗೆ ಪೂರ್ತಿ ಮುಖಮಾಡಿ ನಿಂತರೆ ಹಿಂದಿರುಗಿಸುವುದೊಂದೇ ದಾರಿ. ಅರ್ಧ ತಿರುಗಿ, ಎಡ ಹೆಗಲನ್ನು ತಾನು ಆಡಬೇಕಾದ ದಿಕ್ಕಿಗೆ ಕೊಟ್ಟು, ಚೆಂಡನ್ನು ಬಲಪಾದದ ಮುಂದೆ ಬರಮಾಡಿಕೊಂಡರೆ ಮೈದಾನವಿಡೀ ತೆರೆದುಕೊಳ್ಳುತ್ತದೆ. ಹಾಕಿಯಲ್ಲಿ ಸ್ಟಿಕ್ಕಿನ ಒಂದೇ ಮುಖದಿಂದ ಆಡಬೇಕು, ಬೆನ್ನು ತಾಗಿದರೆ ಫೌಲ್. ಹಾಗಾಗಿ ಬಲಗಡೆ ಚೆಂಡು ಇಟ್ಟುಕೊಂಡವನಿಗೆ ಮಣಿಕಟ್ಟು ತಿರುವುವ ಕೆಲಸ ಇಲ್ಲ. ಹಿಡಿದ ಜಾಗದಿಂದಲೇ ಪುಶ್ ಮಾಡಬಹುದು. ಹೊಡೆಯಲು ಸ್ಟಿಕ್ ಎತ್ತಿದರೆ ಎದುರಾಳಿಗೆ ದಿಕ್ಕು ತಿಳಿದುಬಿಡುತ್ತದೆ. ಪುಶ್ ಹೋದದ್ದು ಹೋದ ಮೇಲೆಯೇ ಗೊತ್ತಾಗುವುದು.

ಇದರ ಜೊತೆಗೆ ನಮ್ಮ ನೆಲ. ಆಸ್ಟ್ರೋಟರ್ಫ್ ಮೇಲೆ ಚೆಂಡು ನೀರಿನ ಮೇಲೆ ಜಾರಿದಂತೆ ಬರುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಅಂಥ ನೆಲದ ಮೇಲೆ ಆಡಬೇಕಾಗಿ ಬಂದಾಗ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಏಪ್ರಿಲ್ ತಿಂಗಳ ಕೊಡಗಿನ ಮಣ್ಣಿನ ಮೈದಾನದ ಗುಣವೇ ಬೇರೆ. ಬೆಳಿಗ್ಗೆ ನೀರು ಹಾಕಿ ರೋಲರ್ ಎಳೆದಿದ್ದರೂ ಮಧ್ಯಾಹ್ನದ ಹೊತ್ತಿಗೆ ಮೇಲ್ಮಣ್ಣು ಎದ್ದು ಧೂಳು, ಸಣ್ಣ ಕಲ್ಲು, ಹಿಂದಿನ ಪಂದ್ಯದ ಶೂ ಗುರುತು. ಕಾಫಿಯ ಹೂಮಳೆಯಂಥದ್ದೊಂದು ಹಿಂದಿನ ರಾತ್ರಿ ಬಿದ್ದಿದ್ದರೆ ಒಂದು ಮೂಲೆಯಲ್ಲಿ ಚೆಂಡು ನಿಲ್ಲುತ್ತದೆ, ಇನ್ನೊಂದರಲ್ಲಿ ಜಿಗಿಯುತ್ತದೆ. ಈ ಏರುಪೇರು ಗೊತ್ತಿರುವವನು ಸ್ಟಿಕ್ ಅನ್ನು ತಡವಾಗಿ ಇಡುವುದಿಲ್ಲ. ಮೊದಲೇ ತಗ್ಗಿಸಿ, ತುಸು ಮುಂದಕ್ಕೆ ಬಾಗಿಸಿ, ಹಿಡಿತ ಸಡಿಲ ಬಿಟ್ಟು ಕಾಯುತ್ತಾನೆ. ಗಟ್ಟಿ ಹಿಡಿದರೆ ಚೆಂಡು ಪುಟಿದು ಎರಡು ಗಜ ಹೋಗುತ್ತದೆ, ಆ ಎರಡು ಗಜ ಸಾಕು ಎದುರಾಳಿಗೆ. ಸಡಿಲ ಕೈಯ ಟ್ರ್ಯಾಪ್ ಕಲಿಯಲು ಕಾಲ ಬೇಕು. ಟರ್ಫ್ ಮೇಲೆ ಬೆಳೆದ ಮಕ್ಕಳು ನಮಗಿಂತ ಎಷ್ಟೋ ಚುರುಕು. ಆದರೆ ಈ ಕೈ ಮಣ್ಣಿನಲ್ಲೇ ಪಳಗಬೇಕು.

ಸೆಂಟರ್ ಹಾಫ್ ಕೆಲಸವನ್ನು ನಾನು ಗದ್ದೆಗೆ ನೀರು ಕಟ್ಟುವವನಲ್ಲಿ ಕಂಡಿದ್ದೇನೆ. ಯಾವ ಮಡಿಯ ಬದುವನ್ನು ಎಲ್ಲಿ ಕಡಿದರೆ ಕೆಳಗಿನ ಮಡಿಗೆ ನೀರು ಹರಿಯುತ್ತದೆ, ಯಾವುದನ್ನು ಮುಚ್ಚಬೇಕು ಎಂದು ಅವನಿಗೆ ತಿಳಿದಿರುತ್ತದೆ. ಅವನು ಓಡಾಡುವುದು ಸ್ವಲ್ಪ. ನೀರು ಮಾತ್ರ ಎಲ್ಲ ಕಡೆ ತಲುಪಿರುತ್ತದೆ.

ಹಿಂದೆ ಐವರು ಫಾರ್ವರ್ಡ್, ಮೂವರು ಹಾಫ್, ಇಬ್ಬರು ಬ್ಯಾಕ್ ಎಂದು ಆಡುತ್ತಿದ್ದ ಕಾಲದಲ್ಲಿ ಸೆಂಟರ್ ಹಾಫ್ ತಂಡದ ಯಜಮಾನ. ಫುಟ್‌ಬಾಲ್‌ನಿಂದ ಹಾಕಿಗೆ ಬಂದ ಜೋಡಣೆ ಅದು. ಆಮೇಲೆ ನಿಯಮಗಳು ಬದಲಾದವು. 1990ರ ದಶಕದಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಮಾಡಲು ಅವಕಾಶವಾಯಿತು, ಅದೇ ದಶಕದ ಕೊನೆಗೆ ಆಫ್‌ಸೈಡ್ ನಿಯಮವನ್ನು ತೆಗೆದುಹಾಕಿದರು. ಫಾರ್ವರ್ಡ್‌ಗಳು ಎದುರಾಳಿಯ ಡಿ ಹತ್ತಿರವೇ ಹೋಗಿ ನಿಲ್ಲತೊಡಗಿದರು, ಅವರನ್ನು ಕಾಯಲು ಬ್ಯಾಕ್‌ಗಳು ಹಿಂದಕ್ಕೆ ಸರಿದರು, ನಡುವಿನ ನೆಲ ಹಿಗ್ಗಿತು. ಹಿರಿಯ ಆಟಗಾರನಿಗೆ ಇದರಿಂದ ನಷ್ಟವೂ ಆಯಿತು, ಲಾಭವೂ ಆಯಿತು. ಹಿಗ್ಗಿದ ನೆಲವನ್ನು ಕಾಯಲು ಹೆಚ್ಚು ಓಡಬೇಕು. ಉಸಿರು ಸೋತಾಗ ಹೊರಗೆ ಬಂದು ನೀರು ಕುಡಿದು ಮತ್ತೆ ಒಳಗೆ ಹೋಗಬಹುದು. ಲಾಭವೇ ಒಂದು ತೂಕ ಹೆಚ್ಚು ಎಂದು ನನ್ನ ಲೆಕ್ಕ.

ನಡುಮೈದಾನದ ಕೊಡಗಿನವರೆಂದರೆ ನನಗೆ ಮೊದಲು ನೆನಪಾಗುವುದು ಎಂ. ಎಂ. ಸೋಮಯ್ಯ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ವಿರುದ್ಧ 4–3ರಿಂದ ಗೆದ್ದು ಚಿನ್ನ ತಂದ ತಂಡದಲ್ಲಿದ್ದರು. 1984ರ ಲಾಸ್ ಏಂಜಲೀಸ್‌ನಲ್ಲಿ ಆಡಿದರು. 1988ರ ಸೋಲ್‌ಗೆ ನಾಯಕರಾಗಿ ಹೋದರು. ಚಿನ್ನ ಬಂದದ್ದು ಮೊದಲ ಸಲ ಮಾತ್ರ. ಆಮೇಲಿನ ಎರಡು ಸಲ ಭಾರತ ಐದನೆಯದು, ಆರನೆಯದು. ಪದಕ ಎಣಿಸುವವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ. ನಾನು ಮೆಚ್ಚುವುದು ಮೂರನೆಯದನ್ನು. ಎಂಟು ವರ್ಷ ಕಳೆದ ಮೇಲೂ, ಹೊಸ ಹುಡುಗರ ನಡುವೆಯೂ ತಂಡಕ್ಕೆ ಅವರು ಬೇಕಾಗಿದ್ದರಲ್ಲ, ಆ ಮಾತು ದೊಡ್ಡದು. ಅವರಿಗಿಂತ ಹಿಂದಿನ ಎಂ. ಪಿ. ಗಣೇಶ್ 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ತಂಡದವರು, 1973ರ ಆಮ್‌ಸ್ಟರ್‌ಡ್ಯಾಮ್ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕರು. ಸೈನ್ಯದ ತಂಡದಲ್ಲಿ ಹಾಕಿಯಿಂದ ಹೆಸರು ಮಾಡುವುದಕ್ಕೆ ಮುಂಚೆ ಅವರು ಕೊಡಗು ಜಿಲ್ಲೆಗೆ ಫುಟ್‌ಬಾಲ್ ಆಡಿದವರು. ಹಾಕಿಯ ಜಿಲ್ಲೆ ಎಂದು ಹೆಸರಾದ ಈ ನೆಲದಲ್ಲಿ ಫುಟ್‌ಬಾಲ್ ಕೂಡ ಬೇರು ಬಿಟ್ಟಿದೆ; ಸುಂಟಿಕೊಪ್ಪದ ಗೋಲ್ಡ್ ಕಪ್ ನೋಡಲು ಸೇರುವ ಜನರನ್ನು ಕಂಡವರಿಗೆ ಇದನ್ನು ಹೇಳಬೇಕಿಲ್ಲ.

ಈಚಿನವರಲ್ಲಿ ಎಸ್. ಕೆ. ಉತ್ತಪ್ಪ. ಲಂಡನ್ 2012ಕ್ಕೆ ಹೋದಾಗ ಹದಿನೆಂಟರ ಹುಡುಗ. ರಿಯೊ 2016ರ ಹದಿನಾರು ಮಂದಿಯಲ್ಲಿ ರಘುನಾಥ್, ಸುನಿಲ್, ನಿಕಿನ್ ತಿಮ್ಮಯ್ಯ, ಉತ್ತಪ್ಪ ಎಂದು ನಾಲ್ವರು ನಮ್ಮ ಕಡೆಯವರಿದ್ದರು. ಆ ತಂಡದ ನಡುಭಾಗವನ್ನು ನೆನೆಸಿಕೊಳ್ಳಿ: ಸರ್ದಾರ್ ಸಿಂಗ್, ಮನ್‌ಪ್ರೀತ್ ಸಿಂಗ್, ಚಿಂಗ್ಲೆನ್‌ಸನಾ, ಡ್ಯಾನಿಶ್ ಮುಜ್ತಬಾ, ದೇವಿಂದರ್ ವಾಲ್ಮೀಕಿ, ಇವರ ಜೊತೆ ಉತ್ತಪ್ಪ. ನಮ್ಮ ಕೈಯಾಲೆಯ ನೂಕುನುಗ್ಗಲು ಅಲ್ಲಿಯೂ ಇತ್ತು. ಅದರ ಮಧ್ಯೆ ಸರ್ದಾರ್ ಸಿಂಗ್ ಮೂವತ್ತರ ಹಿರಿಯ, ರಿಯೊಗೆ ಸ್ವಲ್ಪ ಮುಂಚೆ ನಾಯಕತ್ವ ಅವರ ಕೈಯಿಂದ ಶ್ರೀಜೇಶ್ ಕೈಗೆ ಹೋಗಿತ್ತು. 2018ರ ಏಪ್ರಿಲ್‌ನ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಅವರನ್ನು ಆರಿಸಲಿಲ್ಲ. ಅದೇ ಬೇಸಿಗೆಯಲ್ಲಿ ಬ್ರೆಡಾದ ಚಾಂಪಿಯನ್ಸ್ ಟ್ರೋಫಿಗೆ ಮತ್ತೆ ಕರೆದರು, ಭಾರತ ಬೆಳ್ಳಿ ಗೆದ್ದಿತು. ಏಷ್ಯನ್ ಗೇಮ್ಸ್‌ನ ಕಂಚಿನ ಬಳಿಕ ಸೆಪ್ಟೆಂಬರ್‌ನಲ್ಲಿ ಅವರೇ ವಿದಾಯ ಹೇಳಿದರು. ಆಡುವಾಗ ಅವರ ಓಟ ಕಣ್ಣಿಗೆ ಬೀಳುತ್ತಿರಲಿಲ್ಲ. ಒತ್ತಡದಲ್ಲಿದ್ದ ಬ್ಯಾಕ್ ತಲೆಯೆತ್ತಿದರೆ ಎದುರಿಗೆ ಸರ್ದಾರ್ ಇರುತ್ತಿದ್ದರು, ಅಷ್ಟೆ. ಇಷ್ಟು ಸರಳವಾಗಿ ಕಾಣುವ ಕೆಲಸ ಇಷ್ಟು ಕಷ್ಟದ್ದೆಂದು ಆಡಿ ನೋಡಿದವರಿಗೇ ಗೊತ್ತು.

ಫುಟ್‌ಬಾಲ್‌ನಲ್ಲೂ ಇದೇ ಕಥೆ. ಇಟಲಿಯ ಆಂಡ್ರಿಯಾ ಪಿರ್ಲೊ ಮೊದಲು ಆಡುತ್ತಿದ್ದುದು ಮುಂದೆ, ಫಾರ್ವರ್ಡ್‌ಗಳ ಬೆನ್ನಿಗೆ. ಆ ಜಾಗದಿಂದ ಅವರನ್ನು ಹಿಂದಕ್ಕೆ, ಬ್ಯಾಕ್‌ಗಳ ಮುಂದಕ್ಕೆ ತಂದು ನಿಲ್ಲಿಸಿದ ಮೇಲೆ ಆಟಕ್ಕೆ ಕಳೆ ಬಂತು. 2011ರಲ್ಲಿ ಮಿಲಾನ್ ಅವರನ್ನು ಬಿಟ್ಟುಕೊಟ್ಟಿತು, ಮೂವತ್ತೆರಡಾಗಿತ್ತು. ಯುವೆಂಟಸ್ ಸೇರಿದರು, ಮುಂದಿನ ನಾಲ್ಕೂ ವರ್ಷ ಲೀಗ್ ಗೆದ್ದದ್ದು ಯುವೆಂಟಸ್. ಲೂಕಾ ಮೊಡ್ರಿಚ್ 2025ರಲ್ಲಿ ರಿಯಲ್ ಮ್ಯಾಡ್ರಿಡ್ ಬಿಟ್ಟು ಮಿಲಾನ್‌ಗೆ ಹೋದಾಗ ನಲವತ್ತಕ್ಕೆ ಕೆಲವೇ ವಾರ ಬಾಕಿ. ಇವರಿಬ್ಬರ ಆಟ ಟಿವಿಯಲ್ಲಿ ಬಂದರೆ ನಾನು ತೋಟದ ಕೆಲಸವನ್ನೂ ಮರೆತು ಕೂರುತ್ತೇನೆ. ಎದುರಾಳಿ ಮೈಮೇಲೆ ಬರುವ ಒಂದು ಕ್ಷಣ ಮುಂಚೆ ಚೆಂಡು ಅವರ ಕಾಲಿನಿಂದ ಹೊರಟಿರುತ್ತದೆ. ಒರಟು ಟ್ಯಾಕಲ್‌ಗೆ ಅವರು ಅಷ್ಟಾಗಿ ಸಿಗುವುದಿಲ್ಲ, ಸಿಗುವಷ್ಟು ಹೊತ್ತು ಚೆಂಡನ್ನು ಇಟ್ಟುಕೊಳ್ಳುವುದೇ ಇಲ್ಲ.

ಹಿರಿಯನಾದ ಮಾತ್ರಕ್ಕೆ ಜಾಗ ಸಿಗಬೇಕೆಂದು ನಾನು ವಾದಿಸುವವನಲ್ಲ. ಒಕ್ಕದಲ್ಲಿ ಹಿರಿಯನಾದ ಪಟ್ಟೇದಾರನಿಗೆ ಮೊದಲ ಮಣೆ ಸಲ್ಲುತ್ತದೆ, ಸಲ್ಲಬೇಕು; ಮೈದಾನದಲ್ಲಿ ಆ ಲೆಕ್ಕ ತರಬಾರದು. ಚೆಂಡನ್ನು ತಡೆದು ನಿಲ್ಲಿಸಿ, ಹಳೆಯ ಡ್ರಿಬಲ್ ತೋರಿಸಲು ಹೋಗಿ ಮೂವರ ನಡುವೆ ಕಳೆದುಕೊಳ್ಳುವ ಹಿರಿಯರಿದ್ದಾರೆ. ಅವರನ್ನು ಹೊರಗೆ ಕರೆಯುವುದೇ ಸರಿ. ನಡುವಿನಲ್ಲಿ ಉಳಿಯಬೇಕಾದ ಹಿರಿಯ ಒಂದೆರಡನ್ನು ಬಿಟ್ಟುಕೊಟ್ಟಿರಬೇಕು. ಚೆಂಡನ್ನು ತಾನೇ ಡಿ ತನಕ ಒಯ್ಯುವ ಆಸೆ ಬಿಡಬೇಕು. ಪೆನಾಲ್ಟಿ ಕಾರ್ನರ್ ಹೊಡೆಯುವ ಹಕ್ಕನ್ನು ಹುಡುಗರಿಗೆ ಕೊಡಬೇಕು. ಬದಲಿಗೆ ಅವನಿಗೆ ದಕ್ಕುವುದು ಮಾತು. ನಡುವಿನಿಂದ ಆಡುವವನು ಪಂದ್ಯದುದ್ದಕ್ಕೂ ಮಾತಾಡುತ್ತಿರಬೇಕು: “ಎಡಕ್ಕೆ ಬಾ”, “ಹಿಂದೆ ಆಳು ಇದ್ದಾನೆ”, “ಈಗ ಬಿಡು”. ನಮ್ಮ ಹುಡುಗರಿಗೆ ಮೈದಾನದಲ್ಲಿ ಬಾಯಿ ಕಟ್ಟುತ್ತದೆ. ಅಣ್ಣನ ಮಗ ನನ್ನ ಬಲಗಡೆ ಆಡುತ್ತಾನೆ, ಕ್ರೀಡಾನಿಲಯದ ಹುಡುಗಿ ಎಡಗಡೆ. ಅವರ ಕಾಲು, ನನ್ನ ಕಣ್ಣು ಮತ್ತು ಗಂಟಲು ಸೇರಿದ ದಿನ ನಮ್ಮ ನಡುಮೈದಾನ ಯಾವ ದೊಡ್ಡ ಒಕ್ಕದ ತಂಡಕ್ಕೂ ಬಗ್ಗಿಲ್ಲ. ಇಬ್ಬರ ನಡುವಿನ ಕಿಂಡಿಯಲ್ಲಿ ಒಂದು ಪುಶ್ ಸರಿಯಾಗಿ ಹೋಗಿ, ಓಡುತ್ತಿರುವ ಹುಡುಗಿಯ ಸ್ಟಿಕ್ಕಿಗೆ ಅವಳು ನಿಲ್ಲದಂತೆ ತಲುಪಿದಾಗ ಆಗುವ ಸಂತೋಷ ನನಗೆ ಗೋಲು ಹೊಡೆದಾಗ ಆದದ್ದಿಲ್ಲ.

ಮುಂದಿನ ಬೇಸಿಗೆಗೆ ತಂಡ ಕಟ್ಟುವ ಒಕ್ಕದ ಹುಡುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಹಿಂದೆ ಚೆನ್ನಾಗಿ ಆಡಿದ, ಇನ್ನೂ ಸ್ಟಿಕ್ ಹಿಡಿಯಬಲ್ಲ ಹಿರಿಯರೊಬ್ಬರಿದ್ದರೆ ಅವರನ್ನು ಫೋಟೋಗೆ ಮಾತ್ರ ಕರೆಯಬೇಡಿ, ಫುಲ್ ಬ್ಯಾಕ್‌ಗೂ ತಳ್ಳಬೇಡಿ. ಒಂದು ಪಂದ್ಯದ ಮೊದಲರ್ಧ ಸೆಂಟರ್ ಹಾಫ್‌ಗೆ ನಿಲ್ಲಿಸಿ, ಆ ಕಡೆ ಈ ಕಡೆ ನಿಮ್ಮ ಅತಿ ವೇಗದ ಇಬ್ಬರನ್ನು ಕೊಡಿ. ನೋಡಲು ಬರುವವರು ಆ ಹೊತ್ತು ಚೆಂಡನ್ನು ಬಿಟ್ಟು ಅವರನ್ನು ನೋಡಿ.