ಬ್ರಹ್ಮಗಿರಿಯ ತಪ್ಪಲಿನಲ್ಲಿ ಮಣ್ಣಿನ ಪಾಠ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆಯಲ್ಲಿ, ದೊಡ್ಡ ದೊಡ್ಡ ಗುಂಡುಗಳನ್ನು ಪೇರಿಸಿಟ್ಟಂತೆ ತೋರುವ ಬೆಟ್ಟವೇ ಬ್ರಹ್ಮಗಿರಿ. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿಯ ಅಶೋಕನ ಶಾಸನವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ತಪ್ಪಲಿನ ನೆಲವನ್ನು ಅಗೆಸಿದಾಗ, ಹಳೆಯ ಊರೊಂದರ ಬಾಳು ಪದರ ಪದರವಾಗಿ ತೆರೆದುಕೊಂಡಿತು: ಎಲ್ಲಕ್ಕೂ ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಗಳು, ಅವುಗಳ ಮೇಲೆ ಕಬ್ಬಿಣದ ಉಪಕರಣಗಳು, ಕಪ್ಪು-ಕೆಂಪು ಮಡಕೆಗಳು, ಅದಕ್ಕೂ ಮೇಲೆ ಸಾತವಾಹನರ ಕಾಲದ ಅವಶೇಷಗಳು.

ಶಾಲೆಯ ಮಕ್ಕಳಿಗೆ ಇದಕ್ಕಿಂತ ಮಿಗಿಲಾದ ಇತಿಹಾಸದ ಪುಸ್ತಕವುಂಟೆ? ಆದರೆ ಇದರಲ್ಲಿ ಒಮ್ಮೆ ಓದಿದ ಪುಟ ಮತ್ತೆ ಉಳಿಯುವುದಿಲ್ಲ. ಅಗೆದ ಪದರವನ್ನು ಮರಳಿ ಕೂಡಿಸುವುದು ಯಾರಿಂದಲೂ ಆಗದು. ಆದಕಾರಣ ಮೊದಲ ಪಾಠ ನಡೆಯಬೇಕಾದುದು ಶಾಲೆಯ ಅಂಗಳದಲ್ಲಿ. ಒಂದು ಗುಂಡಿಯಲ್ಲಿ ಕಪ್ಪು ಮಣ್ಣು, ಕೆಮ್ಮಣ್ಣು, ಮರಳನ್ನು ಒಂದರ ಮೇಲೊಂದು ಹರಡಿ, ನಡುನಡುವೆ ಮಡಕೆಯ ಚೂರು, ಬಳೆಯ ತುಂಡು, ಮಣಿಗಳನ್ನು ಉಪಾಧ್ಯಾಯರು ಹುದುಗಿಸಿಟ್ಟರೆ ಸಾಕು. ಮಕ್ಕಳು ದಾರ ಕಟ್ಟಿ ಚೌಕಗಳನ್ನು ಮಾಡಿ, ಕರಣೆಯಿಂದ ಮೆಲ್ಲಗೆ ಕೆರೆದು, ಮಣ್ಣನ್ನು ಜರಡಿ ಹಿಡಿದು, ಸಿಕ್ಕ ವಸ್ತುವಿನ ಆಳವನ್ನು ಅಳೆದು ಬರೆದುಕೊಳ್ಳುವರು. ಬರೆಯದೆ ಎತ್ತಿದ ಬಳೆಯ ತುಂಡು ಯಾವ ಪದರದ್ದೆಂದು ಕೇಳಿದೊಡನೆ ಉತ್ತರವಿಲ್ಲದಾಗುವುದು. ಅದೇ ಪಾಠದ ತಿರುಳು.

ಇಷ್ಟು ಕಲಿತು ಬ್ರಹ್ಮಗಿರಿಗೆ ಬಂದ ಮಕ್ಕಳು, ನೆಲದ ಮೇಲೆ ಕಂಡ ಮಡಕೆಯ ಚೂರನ್ನು ಜೇಬಿಗಿಳಿಸದೆ ಅಲ್ಲಿಯೇ ಬಿಡುವರು. ನಿಧಿಯಾಸೆಗೆ ನಾಡಿನ ಎಷ್ಟೋ ಹಳೆಯ ನೆಲೆಗಳು ಹಾಳಾಗಿವೆ. ಪ್ರತಿಯೊಂದು ದಿಬ್ಬಕ್ಕೂ ಕಾವಲುಗಾರನನ್ನು ನೇಮಿಸುವುದು ಸರಕಾರಕ್ಕೂ ಅಸಾಧ್ಯ. ಅಗೆತದ ಮರ್ಮವನ್ನು ಕೈಯಾರೆ ಕಲಿತ ಊರ ಮಕ್ಕಳಾದರೆ ಅಲ್ಲಿಯೇ ಇರುವರು.