ಬಾಗಿಲು ಮುಚ್ಚದ ಊರು

ಯೇಸುಕ್ರಿಸ್ತನ ಗಿರಿಪ್ರವಚನವನ್ನು ಓದಿ ತಲೆದೂಗದವರು ವಿರಳ. ಶತ್ರುವನ್ನೂ ಪ್ರೀತಿಸಬೇಕು, ಕೇಳಿಕೊಂಡು ಬಂದವನಿಗೆ ಇಲ್ಲವೆನ್ನಬಾರದು, ಕೇಡಿಗೆ ಪ್ರತಿಯಾಗಿ ಕೇಡೆಸಗಬಾರದು ಎಂಬ ಅದರ ಬೋಧೆ ಕಿವಿಗೆ ಇಂಪಾದುದು. ಆದರೆ ಓದಿದವರಲ್ಲಿ ಬಹುಮಂದಿ, ಕ್ರೈಸ್ತರನ್ನೂ ಒಳಗೊಂಡು, ಇದು ಸಂತರಿಗೆ ತಕ್ಕ ಮಾತು, ಸಂಸಾರಿಗಳಿಗೆ ಹೊರಲಾಗದ ಹೊರೆ ಎಂದು ಬದಿಗಿರಿಸುತ್ತಾರೆ. ನಮ್ಮ ಬಳಿಗೆ ಬರುವ ಭಕ್ತರೂ ಶರಣರ ವಚನಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನೆತ್ತುವುದುಂಟು: "ಕೇಳುವುದಕ್ಕೆ ಚೆನ್ನಾಗಿದೆ ಗುರುಗಳೇ, ಮನೆಮಠ ನಡೆಸುವವರಿಂದ ಆದೀತೇ?" ಈ ಪ್ರಶ್ನೆಗೆ ತರ್ಕದಿಂದ ಉತ್ತರ ಹೇಳುವುದು ಕಷ್ಟ. ಮನೆಮಠ ನಡೆಸುತ್ತಲೇ ಹಾಗೆ ಬಾಳಿದ ಒಂದು ಊರಿನ ಕಥೆಯನ್ನು ಹೇಳುವುದು ಲೇಸೆಂದು ನಮಗೆ ತೋರಿದೆ.

ಫ್ರಾನ್ಸ್ ದೇಶದ ದಕ್ಷಿಣ ಭಾಗದ ಎತ್ತರದ ಪ್ರಸ್ಥಭೂಮಿಯಲ್ಲಿ ಲ ಶಾಂಬೋಂ ಎಂಬ ಊರಿದೆ. ಚಳಿ ಬಹಳ, ಹಿಮ ಬಹಳ, ಬೆಳೆ ಅಷ್ಟಕ್ಕಷ್ಟೆ. ದನಕರು ಕಟ್ಟಿಕೊಂಡ ರೈತರು, ಬೇಸಗೆಯಲ್ಲಿ ಹವೆ ಬದಲಾವಣೆಗೆ ಬರುವವರಿಗಾಗಿ ವಸತಿಗೃಹ ನಡೆಸುವವರು, ಇವರೇ ಅಲ್ಲಿಯ ಜನ. ಕ್ಯಾಥೊಲಿಕರೇ ಬಹುಸಂಖ್ಯಾತರಾದ ಆ ದೇಶದಲ್ಲಿ ಈ ಊರಿನವರು ಹೆಚ್ಚಾಗಿ ಪ್ರಾಟೆಸ್ಟೆಂಟರು. ಅವರಿಗೆ ಧರ್ಮಸ್ವಾತಂತ್ರ್ಯವಿತ್ತ ನಾಂತ್ ರಾಜಶಾಸನವನ್ನು 1685ರಲ್ಲಿ ಅರಸನು ರದ್ದುಗೊಳಿಸಿದ ಮೇಲೆ ಇವರ ಪೂರ್ವಜರು ಕಾಡುಮೇಡುಗಳಲ್ಲಿ ಗುಟ್ಟಾಗಿ ಸೇರಿ ಪ್ರಾರ್ಥನೆ ಮಾಡಬೇಕಾಗಿ ಬಂದಿತು. ಎಷ್ಟೋ ಮಂದಿ ಸೆರೆಮನೆ ಕಂಡರು, ಪ್ರಾಣ ತೆತ್ತರು. ಕಲ್ಯಾಣದ ಕ್ರಾಂತಿಯ ಅನಂತರ ಶರಣರು ದಿಕ್ಕುದಿಕ್ಕಿಗೆ ಚದುರಿದ ಕಥೆಯನ್ನು ಕೇಳಿ ಬೆಳೆದ ನಮಗೆ ಈ ಬಗೆಯ ನೆನಪು ಒಂದು ಜನಾಂಗದೊಳಗೆ ಹೇಗೆ ಉಳಿಯುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

1934ರಲ್ಲಿ ಆಂದ್ರೆ ತ್ರೋಕ್ಮೆ ಎಂಬ ಸಭಾಪಾಲಕರು ಈ ಊರಿಗೆ ಬಂದರು. ತಂದೆ ಫ್ರೆಂಚರು, ತಾಯಿ ಜರ್ಮನರು. ಅವರ ಪತ್ನಿ ಮಗ್ದಾ ಇಟಲಿಯಲ್ಲಿ ಹುಟ್ಟಿದವರು. 1940ರ ಜೂನ್ 22ರಂದು ಫ್ರಾನ್ಸ್ ಜರ್ಮನಿಗೆ ಶರಣಾಗಿ ಒಪ್ಪಂದಕ್ಕೆ ರುಜು ಹಾಕಿತು. ಮರುದಿನ ಭಾನುವಾರ. ತ್ರೋಕ್ಮೆಯವರೂ ಸಹಪಾಲಕರಾದ ಎದುವಾರ್ ತೇಸ್ ಅವರೂ ಜೊತೆಗೂಡಿ ಸಿದ್ಧಪಡಿಸಿದ ಉಪದೇಶ ಅಂದು ಆ ಊರಿನ ದೇವಾಲಯದಲ್ಲಿ ನಡೆಯಿತು. ಸುವಾರ್ತೆಗೆ ವಿರುದ್ಧವಾದ ಆಜ್ಞೆ ಬಂದಾಗ ಆತ್ಮದ ಆಯುಧಗಳಿಂದ ಅದನ್ನು ಎದುರಿಸಬೇಕು, ಭಯವಿಲ್ಲದೆ ಎದುರಿಸಬೇಕು, ಆದರೆ ದ್ವೇಷವಿಲ್ಲದೆಯೂ ಎದುರಿಸಬೇಕು ಎಂಬುದು ಅದರ ತಿರುಳು. ಉಪದೇಶಗಳಿಗೆ ಯಾವ ದೇಶದಲ್ಲಿಯೂ ಬರಗಾಲವಿಲ್ಲ. ಈ ಉಪದೇಶ ಅಡುಗೆಮನೆಗೆ ಇಳಿದ ಬಗೆಯೇ ನಮಗೆ ಮುಖ್ಯ.

ಆ ಚಳಿಗಾಲದ ಒಂದು ರಾತ್ರಿ ಮಗ್ದಾ ಅವರ ಮನೆಯ ಬಾಗಿಲನ್ನು ಯಾರೋ ತಟ್ಟಿದರು. ತೆರೆದು ನೋಡಿದರೆ ಹಿಮದಲ್ಲಿ ತೊಯ್ದ ಹೆಂಗಸೊಬ್ಬಳು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯೆಹೂದ್ಯಳು. ಒಳಗೆ ಬರಬಹುದೇ ಎಂದು ಕೇಳಿದಳು. ಬಾ ಎಂದರು ಮಗ್ದಾ. ಊಟವಿಕ್ಕಿದರು. ಒದ್ದೆಯಾದ ಪಾದರಕ್ಷೆಗಳನ್ನು ಒಣಗಲೆಂದು ಒಲೆಯೊಳಗಿಟ್ಟದ್ದು ಸುಟ್ಟೇ ಹೋದವು. ಆ ಕಾಲದಲ್ಲಿ ಇನ್ನೊಂದು ಜೊತೆ ಹುಡುಕುವುದೇ ಒಂದು ಸಾಹಸ. ಆಕೆಗೆ ಕಾಗದಪತ್ರ ಕೊಡಿಸಲೆಂದು ಮಗ್ದಾ ಊರಿನ ಮೇಯರರ ಬಳಿಗೆ ಹೋದರೆ ಅವರು ಸಿಡಿಮಿಡಿಗೊಂಡರು. ಪರದೇಶಿಯೊಬ್ಬಳಿಗಾಗಿ ಊರನ್ನೆಲ್ಲ ಅಪಾಯಕ್ಕೆ ಒಡ್ಡುವುದೇ ಎಂಬುದು ಅವರ ವಾದ. ಈ ವಾದವನ್ನು ನಾವು ಹಗುರವಾಗಿ ನೋಡುವುದಿಲ್ಲ. ಊರಿನ ಹಿರಿಯನಾದವನು ಊರಿನ ಕ್ಷೇಮವನ್ನು ಚಿಂತಿಸಲೇಬೇಕು. ಆದರೂ ಮುಂದಿನ ನಾಲ್ಕು ವರ್ಷ ಆ ಊರು ಮೇಯರರ ವಾದವನ್ನು ಹಿಡಿಯಲಿಲ್ಲ, ಮಗ್ದಾ ಹಿಡಿದ ದಾರಿಯನ್ನೇ ಹಿಡಿಯಿತು.

ಒಬ್ಬಳ ಹಿಂದೆ ಇನ್ನೊಬ್ಬರು, ಕುಟುಂಬದ ಹಿಂದೆ ಕುಟುಂಬ ಬರತೊಡಗಿದವು. ಊರಿನಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಸಾವಿರಾರು ಜನ ಆಶ್ರಯ ಪಡೆದರು. ಕ್ವೇಕರರು, ಸ್ವಿಟ್ಜರ್ಲೆಂಡಿನ ಸೇವಾಸಂಘದವರು ಮೊದಲಾದವರ ನೆರವಿನಿಂದ ಮಕ್ಕಳಿಗಾಗಿ ವಸತಿನಿಲಯಗಳು ಎದ್ದವು. ಮಿಕ್ಕವರು ರೈತರ ಮನೆಗಳಲ್ಲಿಯೇ ಉಳಿದರು. ಪೊಲೀಸರು ಬರುವ ಸುಳಿವು ಸಿಕ್ಕಿದೊಡನೆ ಕಾಡಿಗೆ ಸರಿಯುವುದು, ಅವರು ಹೋದ ಮೇಲೆ ಹಿಂದಿರುಗುವುದು. ಆಗ ಆಹಾರವೆಲ್ಲ ಪಡಿತರ ಚೀಟಿಯ ಮೇಲೆ. ಚೀಟಿಯಿಲ್ಲದ ಅತಿಥಿಗೆ ಊಟವಿಕ್ಕುವುದೆಂದರೆ ತಮ್ಮ ಮಕ್ಕಳ ತಟ್ಟೆಯಿಂದಲೇ ತೆಗೆದಿಕ್ಕುವುದು. ಒಂದು ದಿನದ ಅತಿಥಿಗೆ ಇಕ್ಕುವುದು ಯಾರಿಗಾದರೂ ಸಾಧ್ಯ. ಎರಡು ಚಳಿಗಾಲ ಕಳೆಯುವವರೆಗೆ ಇರುವ ಅತಿಥಿಯ ಮುಂದೆ ಮುಖ ಸಿಂಡರಿಸದಿರುವುದು ದೊಡ್ಡದು. ನಮ್ಮವರು ದಾಸೋಹವೆಂದು ಕರೆದುದರ ತೂಕ ಅಲ್ಲಿ ತಿಳಿಯುತ್ತದೆ. ಜಾತ್ರೆಯ ದಿನದ ಪಂಕ್ತಿಯಲ್ಲಿ ಅದು ಅಷ್ಟಾಗಿ ತಿಳಿಯುವುದಿಲ್ಲ.

1942ರ ಜುಲೈನಲ್ಲಿ ಪ್ಯಾರಿಸ್ ನಗರದಲ್ಲಿ ಎರಡು ದಿನಗಳೊಳಗೆ 13 ಸಾವಿರ ಯೆಹೂದ್ಯರನ್ನು ಫ್ರೆಂಚ್ ಪೊಲೀಸರೇ ಹಿಡಿದರು. ಮರುತಿಂಗಳು ಸರ್ಕಾರದ ಮಂತ್ರಿಯೊಬ್ಬರು ಶಾಂಬೋಂಗೆ ಭೇಟಿಯಿತ್ತಾಗ ಶಾಲೆಯ ದೊಡ್ಡ ಹುಡುಗರು ಒಂದು ಪತ್ರವನ್ನು ಅವರ ಕೈಗಿತ್ತರು. ಪ್ಯಾರಿಸ್ಸಿನ ಸುದ್ದಿ ತಮಗೆ ಮುಟ್ಟಿದೆಯೆಂದೂ, ತಮ್ಮ ನಡುವೆ ಯೆಹೂದ್ಯರಿದ್ದಾರೆಂದೂ, ಅವರನ್ನು ಒಪ್ಪಿಸುವುದಿಲ್ಲವೆಂದೂ ಅದರಲ್ಲಿ ನೇರವಾಗಿ ಬರೆದಿತ್ತು. ಎರಡು ವಾರಗಳಲ್ಲಿ ಪೊಲೀಸರು ಖಾಲಿ ಬಸ್ಸುಗಳನ್ನು ತಂದು ನಿಲ್ಲಿಸಿದರು. ತ್ರೋಕ್ಮೆಯವರಲ್ಲಿ ಯೆಹೂದ್ಯರ ಪಟ್ಟಿ ಕೇಳಲಾಗಿ, ತಮಗೆ ಮನುಷ್ಯರು ಗೊತ್ತೇ ಹೊರತು ಯೆಹೂದ್ಯರೆಂಬುದು ಗೊತ್ತಿಲ್ಲವೆಂಬ ಅರ್ಥದ ಉತ್ತರ ಅವರಿಂದ ಬಂದಿತು. ದಿನಗಟ್ಟಲೆ ಹುಡುಕಿದರೂ ಮೊದಲಿಗೆ ಸಿಕ್ಕಿದವನು ಒಬ್ಬನೇ ಒಬ್ಬ. ದೊಡ್ಡ ಬಸ್ಸಿನಲ್ಲಿ ಒಂಟಿಯಾಗಿ ಕುಳಿತಿದ್ದ ಆತನಿಗೆ ತ್ರೋಕ್ಮೆಯವರ ಪುಟ್ಟ ಮಗ ತನ್ನಲ್ಲಿದ್ದ ಚಾಕಲೇಟಿನ ತುಂಡನ್ನು ಕಿಟಕಿಯಿಂದ ನೀಡಿದ. ಅದನ್ನು ಕಂಡ ಊರವರು ಒಬ್ಬೊಬ್ಬರಾಗಿ ತಮ್ಮತಮ್ಮ ಮನೆಯಿಂದ ಏನೇನೋ ತಂದು ಆತನ ಪಕ್ಕದಲ್ಲಿಟ್ಟರು.

ಇಲ್ಲಿ ನಮ್ಮ ಬಂಧುಗಳ ಕ್ಷಮೆ ಕೇಳಿ ಒಂದು ಮಾತನ್ನಾಡಬೇಕು. ಮನೆ ಬಾಡಿಗೆಗಿದೆಯೆಂಬ ಫಲಕ ಕಂಡು ಹೊಸಬನೊಬ್ಬ ಬಂದರೆ ಆತನ ಉದ್ಯೋಗ ಕೇಳುವ ಮೊದಲೇ "ಯಾವ ಪೈಕಿ?" ಎಂದು ಕೇಳುವ ಮನೆಗಳು ನಮ್ಮಲ್ಲಿ ಇಲ್ಲವೆನ್ನಲಾಗದು. ಕೊರಳಲ್ಲಿ ಇಷ್ಟಲಿಂಗ, ಗೋಡೆಯ ಮೇಲೆ ಬಸವಣ್ಣನವರ ಪಟ, ನಾಲಗೆಯ ಮೇಲೆ ಈ ಪ್ರಶ್ನೆ. ಶಾಂಬೋಂ ಊರಿನ ಬಡ ರೈತರಿಗೆ ಈ ಪ್ರಶ್ನೆ ಕೇಳಬೇಕೆಂದು ಸರ್ಕಾರದ ಆಜ್ಞೆಯೇ ಇತ್ತು. ಕೇಳದಿದ್ದರೆ ಸೆರೆಮನೆಯ ಭಯವಿತ್ತು. ಅವರು ಕೇಳಲಿಲ್ಲ. ನಮಗೆ ಅಂತಹ ಆಜ್ಞೆಯೂ ಇಲ್ಲ, ಭಯವೂ ಇಲ್ಲ.

ಈ ಕಥೆಯಲ್ಲಿ ಒಂದು ತೊಡಕಿದೆ. ಸುಳ್ಳುಸಾಕ್ಷಿ ಹೇಳಬಾರದೆಂದು ಬೈಬಲ್ಲಿನ ದಶಾಜ್ಞೆಗಳು ವಿಧಿಸುತ್ತವೆ. ಹೌದಾದುದನ್ನು ಹೌದೆನ್ನಬೇಕು, ಅಲ್ಲವಾದುದನ್ನು ಅಲ್ಲವೆನ್ನಬೇಕು ಎಂದು ಯೇಸುವೂ ಬೋಧಿಸಿದ. ಆದರೆ ಇದೇ ಊರಿನಲ್ಲಿ ಆಸ್ಕರ್ ರೊಸೊವ್ಸ್ಕಿ ಎಂಬ ಯೆಹೂದ್ಯ ಯುವಕನು ಸುಳ್ಳು ಗುರುತಿನ ಪತ್ರಗಳನ್ನು ಸಾವಿರಗಟ್ಟಲೆ ತಯಾರಿಸಿದ. ಆತನಿಗೆ ಇಂಬುಕೊಟ್ಟ ರೈತನ ಜೇನುಗೂಡುಗಳೊಳಗೆ ಅವನ್ನು ಬಚ್ಚಿಡಲಾಗುತ್ತಿತ್ತು. ಸುಳ್ಳು ಹೆಸರಿಲ್ಲದೆ ಪಡಿತರವಿಲ್ಲ, ಪಡಿತರವಿಲ್ಲದೆ ಜೀವವಿಲ್ಲ. ಸದುದ್ದೇಶದ ಸುಳ್ಳು ಸುಳ್ಳೇ ಅಲ್ಲವೆಂದು ಕೆಲವರು ಸಮರ್ಥಿಸುತ್ತಾರೆ. ನಮಗೆ ಆ ಸಮರ್ಥನೆ ಹಿಡಿಸುವುದಿಲ್ಲ. ಅದನ್ನೊಪ್ಪಿದರೆ ಪ್ರತಿಯೊಬ್ಬನೂ ತನ್ನ ಸುಳ್ಳಿಗೊಂದು ಸದುದ್ದೇಶವನ್ನು ಹುಡುಕಿಕೊಳ್ಳುತ್ತಾನೆ. ಎರಡು ದೋಷಗಳ ನಡುವೆ ಒಂದನ್ನು ಹೊರಲೇಬೇಕಾದಾಗ ಅವರು ಸುಳ್ಳಿನ ದೋಷವನ್ನು ಹೊತ್ತರು, ಮಗುವೊಂದನ್ನು ಕೊಲೆಗಾರರಿಗೆ ಒಪ್ಪಿಸುವ ದೋಷವನ್ನು ಹೊರಲಿಲ್ಲ ಎನ್ನುವುದೇ ಸರಿ.

1943ರ ಫೆಬ್ರವರಿ 13ರ ಸಂಜೆ ಪೊಲೀಸರು ತ್ರೋಕ್ಮೆಯವರನ್ನು ಬಂಧಿಸಲು ಮನೆಗೇ ಬಂದರು. ಅವರು ಮನೆಯಲ್ಲಿರಲಿಲ್ಲ. ಕಾಯುತ್ತ ಕುಳಿತ ಪೊಲೀಸರನ್ನು ಮಗ್ದಾ ಊಟಕ್ಕೆ ಕರೆದರು! ಗಂಡನನ್ನು ಎಳೆದೊಯ್ಯಲು ಬಂದವರಿಗೆ ಹೇಗೆ ಉಣಬಡಿಸಿದಿರಿ ಎಂದು ಮುಂದೆ ಹಲವರು ಕೇಳಿದಾಗ, ಊಟದ ಹೊತ್ತಾಗಿತ್ತು, ಅವರೂ ಅಲ್ಲಿದ್ದರು, ಅದರಲ್ಲೇನಿದೆ ಎಂಬಂತೆ ಅವರು ಉತ್ತರಿಸುತ್ತಿದ್ದರು. ಶತ್ರುವನ್ನು ಪ್ರೀತಿಸುವುದೆಂದರೇನೆಂದು ವಿವರಿಸುವ ಪುಸ್ತಕಗಳು ನಮ್ಮ ಕಪಾಟಿನಲ್ಲಿ ಹಲವಿವೆ. ಈ ಉತ್ತರಕ್ಕೆ ಸರಿಗಟ್ಟುವುದು ಅವುಗಳಲ್ಲಿ ನಮಗೆ ದೊರೆತಿಲ್ಲ. ತ್ರೋಕ್ಮೆ, ತೇಸ್ ಹಾಗೂ ಶಾಲೆಯ ಉಪಾಧ್ಯಾಯರಾದ ರೋಜೆ ದಾರ್ಸಿಸ್ಸಾಕ್ ಸೆರೆಶಿಬಿರಕ್ಕೆ ಹೋದರು. ಸುಮಾರು ಒಂದು ತಿಂಗಳ ಬಳಿಕ, ಸರ್ಕಾರದ ಆಜ್ಞೆಗಳಿಗೆ ವಿಧೇಯರಾಗಿರುತ್ತೇವೆಂದು ರುಜು ಹಾಕಿದರೆ ಬಿಡುವುದಾಗಿ ಅಧಿಕಾರಿಗಳು ಹೇಳಿದಾಗ ಇಬ್ಬರು ಸಭಾಪಾಲಕರು ಒಪ್ಪಲಿಲ್ಲ. ಆದರೂ ಅವರ ಬಿಡುಗಡೆಯಾಯಿತು.

ಎಲ್ಲರೂ ಬದುಕಿ ಬರಲಿಲ್ಲ. ತ್ರೋಕ್ಮೆಯವರ ಬಂಧುವಾದ ದಾನಿಯೆಲ್ ತ್ರೋಕ್ಮೆ ಎಂಬ ಅಧ್ಯಾಪಕರು 1943ರ ಜೂನ್‌ನಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಜರ್ಮನ್ ಪೊಲೀಸರು ಹಿಡಿದಾಗ ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಹುಡುಗರ ಬಳಿಗೇ ಹೋದರು. ಮರುವರ್ಷ ಏಪ್ರಿಲ್‌ನಲ್ಲಿ ಮೈದಾನೆಕ್ ಶಿಬಿರದಲ್ಲಿ ತೀರಿಕೊಂಡರು. ಊರಿನ ವೈದ್ಯರಾದ ರೋಜೆ ಲ ಫೊರೆಸ್ತಿಯೆ ಅವರು 1944ರ ಆಗಸ್ಟ್‌ನಲ್ಲಿ ಗುಂಡಿಗೆ ಬಲಿಯಾದರು.

ಮುಂದೆ ಈ ಚರಿತ್ರೆಯನ್ನು ಬರೆದವರಲ್ಲಿ ಕೆಲವರು ತ್ರೋಕ್ಮೆಯವರನ್ನೇ ನಡುವೆ ನಿಲ್ಲಿಸಿ ಮಿಕ್ಕವರನ್ನು ಮರೆಮಾಡಿದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ. 1943ರ ಬೇಸಗೆಯಿಂದ ಹತ್ತು ತಿಂಗಳಿಗೂ ಮಿಕ್ಕು ಅವರು ತಲೆಮರೆಸಿಕೊಂಡು ಊರಿನಿಂದ ದೂರವಿದ್ದರು. ಆ ಅವಧಿಯಲ್ಲಿ ಒಂದು ಮನೆಯೂ ಅತಿಥಿಗಳನ್ನು ಹೊರಗೆ ಕಳುಹಿಸಿ ಕೈತೊಳೆದುಕೊಂಡಂತೆ ನಾವು ಓದಿಲ್ಲ. ಗುರುವು ಎದುರಿಗಿಲ್ಲದಾಗ ನಡೆಯುವುದೇ ಶಿಷ್ಯರ ನಿಜವಾದ ಆಚಾರ.

1990ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆಯು ಆ ಊರಿನ ಮತ್ತು ಸುತ್ತಲಿನ ಹಳ್ಳಿಗಳ ಜನರನ್ನೆಲ್ಲ ಒಟ್ಟಾಗಿ ಗೌರವಿಸಿತು. ವ್ಯಕ್ತಿಗಳಿಗಲ್ಲದೆ ಊರಿಗೆ ಈ ಗೌರವ ಸಲ್ಲುವುದು ಬಲು ಅಪರೂಪ. 2020ರ ಡಿಸೆಂಬರಿನಲ್ಲಿ ಫ್ರಾನ್ಸ್ ದೇಶದಲ್ಲಿ ತೊಂಬತ್ತು ವರ್ಷದ ವೃದ್ಧರೊಬ್ಬರು ತೀರಿಕೊಂಡರು. 1943ರಲ್ಲಿ ಆಸ್ಟ್ರಿಯಾದ ಯೆಹೂದ್ಯ ಬಾಲಕನಾಗಿ ತಂದೆತಾಯಿಯರೊಡನೆ ಶಾಂಬೋಂಗೆ ಬಂದು ಬದುಕಿ ಉಳಿದವರು ಅವರು. ತಮ್ಮ ಮರಣಶಾಸನದಲ್ಲಿ ಆ ಊರಿಗೆ ದೊಡ್ಡ ಮೊತ್ತವನ್ನು, ಸುಮಾರು 20 ಲಕ್ಷ ಯೂರೋ, ಬರೆದಿಟ್ಟಿದ್ದರು. ಅದನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬಳಸಬೇಕೆಂಬುದು ಅವರ ಇಚ್ಛೆಯಾಗಿತ್ತು. ಅಂದು ಅವರಿಗೆ ಬಾಗಿಲು ತೆರೆದವರ ಮರಿಮಕ್ಕಳು ಈಗ ಆ ಊರಿನ ಶಾಲೆಗಳಲ್ಲಿ ಓದುವ ವಯಸ್ಸಿನವರು.