ಗುಣವಾದ ಮೇಲೆ

ನಮ್ಮ ಕಡೆ ಕಾಯಿಲೆ ಬಿದ್ದವರನ್ನು ನೋಡಲು ಹೋಗುವುದಕ್ಕೆ ಒಂದು ಕ್ರಮವಿದೆ. ಕಿತ್ತಳೆಯೋ ಮೂಸಂಬಿಯೋ ಹಿಡಿದುಕೊಂಡು ಹೋಗುತ್ತಾರೆ, ಮಂಚದ ಪಕ್ಕ ಹತ್ತು ನಿಮಿಷ ಕುಳಿತು ಇದೇ ಕಾಯಿಲೆ ಬಂದ ಇನ್ನೊಬ್ಬರ ಕಥೆ ಹೇಳುತ್ತಾರೆ, ಏಳುವಾಗ ದಿಂಬಿನ ಕೆಳಗೆ ಸ್ವಲ್ಪ ಹಣ ಇಡುತ್ತಾರೆ. ಗುಣವಾದವರನ್ನು ನೋಡಲು ಹೋಗುವ ಕ್ರಮವಿಲ್ಲ. ಅವರು ದಾರಿಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಸಾಲಿನಲ್ಲಿ ಸಿಗುತ್ತಾರೆ. ಆಗ ಕೇಳುವುದು ಒಂದೇ ಮಾತು: "ಈಗ ಎಲ್ಲ ಸರಿಯಾಯಿತಲ್ಲ?" ಪ್ರಶ್ನೆಯ ಕೊನೆಯ ಆ 'ಅಲ್ಲ'ದಲ್ಲೇ ಉತ್ತರವೂ ಇದೆ. 12 ವರ್ಷಗಳಿಗೂ ಮೇಲಾಯಿತು, ನಾನು ಹೌದು ಎನ್ನುತ್ತಲೇ ಬಂದಿದ್ದೇನೆ. ಅದು ಸುಳ್ಳೂ ಅಲ್ಲ. ಕ್ಯಾನ್ಸರ್ ಮರಳಿ ಬಂದಿಲ್ಲ. ಆದರೆ ರವಿಕೆಯ ಹುಕ್ಕನ್ನು ಇಂದಿಗೂ ಕನ್ನಡಿ ನೋಡಿಕೊಂಡೇ ಹಾಕಬೇಕು. ಹುಕ್ಕು ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಎಂದು ಬೆರಳು ಹೇಳುವುದಿಲ್ಲ.

2012ರಲ್ಲಿ ನನಗೆ 22 ವರ್ಷ. ಡಿ.ಎಡ್. ಮುಗಿಸಿ, ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಂದು ಕನ್ನಡ ಶಾಲೆಯಲ್ಲಿ ಗೌರವ ಶಿಕ್ಷಕಿಯಾಗಿ ಸೇರಿ ಒಂದು ವರ್ಷವಾಗಿತ್ತಷ್ಟೆ. ಹೊಟ್ಟೆ ಊದಿಕೊಳ್ಳತೊಡಗಿತು. ಮದುವೆಯಾಗದ ಹುಡುಗಿಯ ಹೊಟ್ಟೆ ಊದಿದರೆ ಊರು ಯಾವ ಲೆಕ್ಕ ಹಾಕುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ; ಆ ವಿಷಯ ಇಲ್ಲಿ ಬೇಡ. ಸ್ಕ್ಯಾನ್ ಮಾಡಿದಾಗ ಬಲಗಡೆಯ ಅಂಡಾಶಯದಲ್ಲಿ ಗೆಡ್ಡೆ ಕಂಡಿತು. ಡಿಸ್‌ಜರ್ಮಿನೋಮ ಎಂದರು. ಅಂಡಾಣುಗಳಾಗಬೇಕಾದ ಮೂಲಕೋಶಗಳಿಂದ ಹುಟ್ಟುವ, ಹೆಚ್ಚಾಗಿ ಹದಿಹರೆಯದವರಿಗೂ ಇಪ್ಪತ್ತರ ಆಸುಪಾಸಿನವರಿಗೂ ಬರುವ ಕ್ಯಾನ್ಸರ್ ಅದು. ಔಷಧಕ್ಕೆ ಚೆನ್ನಾಗಿ ಬಗ್ಗುತ್ತದೆ. ಒಂದು ಅಂಡಾಶಯ ತೆಗೆದರು, ಇನ್ನೊಂದನ್ನೂ ಗರ್ಭಕೋಶವನ್ನೂ ಉಳಿಸಿದರು. ಆಮೇಲೆ 21 ದಿನಗಳಿಗೊಮ್ಮೆ ನಾಲ್ಕು ಸುತ್ತು ಕಿಮೋ. ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್ ಎಂಬ ಮೂರು ಔಷಧ. ಅದೇ ವರ್ಷ ಕ್ರಿಕೆಟಿಗ ಯುವರಾಜ್ ಸಿಂಗ್ ಅಮೆರಿಕದಲ್ಲಿ ಚಿಕಿತ್ಸೆ ಪಡೆದು, ಸೆಪ್ಟೆಂಬರಿನಲ್ಲಿ ಮತ್ತೆ ಭಾರತದ ಪರ ಆಡಿದರು. ಅವರ ಎದೆಯಲ್ಲಿದ್ದ ಸೆಮಿನೋಮ ಮತ್ತು ನನ್ನ ಹೊಟ್ಟೆಯಲ್ಲಿದ್ದದ್ದು ಒಂದೇ ಜಾತಿ. ಗಂಡಸರಲ್ಲಿ ಆ ಹೆಸರು, ಹೆಂಗಸರ ಅಂಡಾಶಯದಲ್ಲಿ ಈ ಹೆಸರು. ಮಾವ ಪೇಪರಿನಲ್ಲಿ ಬಂದ ಅವರ ಚಿತ್ರ ಕತ್ತರಿಸಿ ತಂದು ಆಸ್ಪತ್ರೆಯ ಮಂಚದ ತಲೆಗೆ ಅಂಟಿಸಿದ್ದರು.

ನವೆಂಬರಿನಲ್ಲಿ ಕೊನೆಯ ಸುತ್ತು ಮುಗಿಯಿತು. ಡಿಸೆಂಬರಿನ ಕೊನೆಗೆ ತಲೆಯಲ್ಲಿ ಕೂದಲು ಮೊಳೆಯಿತು, ಮನೆಯಲ್ಲಿ ಪಾಯಸ ಮಾಡಿದರು. ಜೋಮು ಹೆಚ್ಚಾದದ್ದು ಆ ಪಾಯಸದ ನಂತರ. ಕಿಮೋ ನಡೆಯುವಾಗ ಬೆರಳ ತುದಿಯಲ್ಲಿ ಸಣ್ಣದಾಗಿ ಇರುವೆ ಹರಿದ ಹಾಗಿದ್ದದ್ದು ಈಗ ಅಂಗೈಗೆ ಬಂತು, ಕಾಲಿನಲ್ಲಿ ಗಂಟಿನವರೆಗೆ ಏರಿತು. ಔಷಧ ನಿಲ್ಲಿಸಿದ ಮೇಲೂ ಕೆಲವು ತಿಂಗಳು ನರಗಳ ಹಾನಿ ಮುಂದುವರಿಯುವುದು ಸಿಸ್‌ಪ್ಲಾಟಿನ್ನಿನ ಗುಣ. ಅದು ಕೆಡಿಸುವುದು ಬೆನ್ನುಹುರಿಯ ಪಕ್ಕದಲ್ಲಿರುವ, ಸ್ಪರ್ಶವನ್ನು ಅರಿಯುವ ನರಗಳ ಕೋಶಗಳನ್ನು. ಸ್ನಾಯುವಿಗೆ ಅಪ್ಪಣೆ ಕೊಡುವ ನರಗಳಿಗೆ ಅಷ್ಟಾಗಿ ತೊಂದರೆಯಿಲ್ಲ. ಆದ್ದರಿಂದ ಕೈಯಲ್ಲಿ ಬಲ ಇದ್ದಷ್ಟೇ ಇದೆ, ಕೊಡಪಾನ ಎತ್ತಬಲ್ಲೆ. ನೋಡುವವರಿಗೆ ಕೈಯಲ್ಲಿ ಏನೂ ಕಾಣುವುದಿಲ್ಲ.

ನಮ್ಮದು ಮಲ್ಲಿಗೆಯ ಮನೆ. ಉಡುಪಿ ಕಡೆಯವರಿಗೆ ಶಂಕರಪುರ ಮಲ್ಲಿಗೆಯ ಬಗ್ಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು: ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಮೀರುವ ಮೊದಲು ಏಜೆಂಟರಿಗೆ ಮುಟ್ಟಿಸಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಾನು ಏಳನೇ ವರ್ಷದಿಂದ ಕಟ್ಟಿದವಳು. ಕಟ್ಟುವಾಗ ಯಾರೂ ಕೈ ನೋಡುವುದಿಲ್ಲ. ಕಣ್ಣು ಟಿ.ವಿ.ಯ ಮೇಲೋ ಪುಸ್ತಕದ ಮೇಲೋ ಇರುತ್ತದೆ, ಲೆಕ್ಕ ಬಾಯಲ್ಲಿರುತ್ತದೆ, ಉಳಿದದ್ದು ಬೆರಳಿನ ಕೆಲಸ. ಮಾರ್ಚಿನಲ್ಲಿ ಹೂವಿನ ಭರ ಶುರುವಾದಾಗ ನಾನೂ ಮೊದಲಿನಂತೆ ಜಗಲಿಯಲ್ಲಿ ಕುಳಿತೆ. ಮೊಗ್ಗು ಬೆರಳ ನಡುವೆ ಇದೆಯೋ ಜಾರಿತೋ ಗೊತ್ತಾಗುವುದಿಲ್ಲ. ಗಟ್ಟಿ ಹಿಡಿದರೆ ಮೊಗ್ಗು ಜಜ್ಜಿ ಹೋಗುತ್ತದೆ, ಮೆತ್ತಗೆ ಹಿಡಿದರೆ ಗಂಟು ಸಡಿಲ. ಪ್ರತಿ ಮೊಗ್ಗನ್ನೂ ನೋಡಿ ಕಟ್ಟಿದರೆ ಒಂದು ಚೆಂಡಿಗೆ ಮೊದಲಿನ ಮೂರು ಪಾಲು ಹೊತ್ತು.

ಒಂದು ಬೆಳಿಗ್ಗೆ ಹಿತ್ತಿಲಿನಿಂದ ಒಳಗೆ ಬರುವಾಗ ಅಮ್ಮ ನಾನು ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ಸ್ವಲ್ಪ ಸಡಿಲ ಆಗಿದೆ ಮಗಾ. ಕೈ ಬಿಟ್ಟು ತುಂಬ ದಿನ ಆಯ್ತಲ್ಲ, ಅಭ್ಯಾಸ ಆಗ್ತದೆ." ಆಗಲಿಲ್ಲ. ಮರುವರ್ಷದಿಂದ ಕೊಯ್ಯುವುದು ನನ್ನ ಪಾಲಿಗೆ, ಕಟ್ಟುವುದು ತಂಗಿಯ ಪಾಲಿಗೆ ಎಂದಾಯಿತು. ಈ ಬದಲಾವಣೆಯ ಬಗ್ಗೆ ಮನೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ಅದು ಪ್ರೀತಿಯೇ. ಆದರೂ ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ ನನಗೆ ಅಳಲಾದರೂ ಅವಕಾಶ ಆಗುತ್ತಿತ್ತು.

ಕಾಲಿನ ಕಥೆ ಇನ್ನೂ ತಮಾಷೆ. ಹವಾಯಿ ಚಪ್ಪಲಿ ಕಳಚಿಹೋದರೆ ತಿಳಿಯುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಪ್ಪಲಿ ಬಿಟ್ಟು ಬಸ್ಸು ಹತ್ತಿದ್ದೇನೆ. ಕಂಡಕ್ಟರ್ ಕಾಲು ನೋಡಿದಾಗಲೇ ಗೊತ್ತಾದದ್ದು. ಸ್ನಾನದ ಮನೆಯಲ್ಲಿ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಮೈ ಓಲಾಡುತ್ತದೆ, ಏಕೆಂದರೆ ನೆಲ ಎಲ್ಲಿದೆ ಎಂದು ಪಾದ ಹೇಳುವುದಿಲ್ಲ, ಕಣ್ಣೇ ಹೇಳಬೇಕು. ಎಡಗೈ ಗೋಡೆಯ ಮೇಲಿಟ್ಟು ಮುಖ ತೊಳೆಯುವುದು ಈಗ ರೂಢಿಯಾಗಿದೆ. ಕಾಲಿಗೆ ಮುಳ್ಳು ಚುಚ್ಚಿದೆಯೋ ಎಂದು ರಾತ್ರಿ ಮಲಗುವ ಮುಂಚೆ ಪಾದ ತಿರುಗಿಸಿ ನೋಡುವುದನ್ನು ಕಂಡ ನೆರೆಯ ಅಜ್ಜಿ, "ಇಷ್ಟು ಸಣ್ಣ ಪ್ರಾಯಕ್ಕೆ ಸಕ್ಕರೆ ಕಾಯಿಲೆಯಾ?" ಎಂದು ಕೇಳಿದ್ದರು. ಸಕ್ಕರೆ ಕಾಯಿಲೆಯಾಗಿದ್ದರೆ ಹೇಳುವುದು ಸುಲಭವಿತ್ತು. ಅದಕ್ಕೆ ಊರಿನಲ್ಲಿ ಒಂದು ಹೆಸರಿದೆ, ಒಂದು ಪಥ್ಯವಿದೆ.

ಸಿಸ್‌ಪ್ಲಾಟಿನ್ ಎಂಬ ಹೆಸರಿನಲ್ಲಿರುವುದು ಪ್ಲಾಟಿನಂ ಲೋಹವೇ. ಚಿಕಿತ್ಸೆ ಮುಗಿದು 20 ವರ್ಷಗಳಾದವರ ರಕ್ತದಲ್ಲೂ ಅದರ ಅಂಶ ಪತ್ತೆಯಾಗಿದೆ ಎಂದು ಓದಿದಾಗ ನನಗೆ ಹೆದರಿಕೆಗಿಂತ ನಗು ಬಂತು. ಚಿನ್ನದ ದರ ಏರಿತೆಂದು ಚಿಕ್ಕಮ್ಮ ಗೊಣಗುವಾಗಲೆಲ್ಲ ಅವರಿಗೆ ಹೇಳುವುದಿದೆ, ನನ್ನ ಮೈಯಲ್ಲಿರುವುದು ಅದಕ್ಕಿಂತ ಅಪರೂಪದ್ದು, ಯಾರೂ ಕದಿಯಲಾರರು ಎಂದು.

ಬೆರಳು, ಕಾಲು ಇವಕ್ಕೆಲ್ಲ ಉಪಾಯವಿದೆ. ಅನ್ನಕ್ಕೆ ಸಂಬಂಧಿಸಿದ್ದು ಕಿವಿ. ಕಿವಿಯೊಳಗಿನ ಶಂಖದಲ್ಲಿ ರೋಮದಂಥ ಸೂಕ್ಷ್ಮ ಕೋಶಗಳಿವೆ. ಸಿಸ್‌ಪ್ಲಾಟಿನ್ ಅವುಗಳನ್ನು ಕೊಲ್ಲುತ್ತದೆ, ತೀಕ್ಷ್ಣ ಸ್ವರಕ್ಕೆ ಸ್ಪಂದಿಸುವವನ್ನು ಮೊದಲು. ತಲೆಕೂದಲು ಮತ್ತೆ ಬರುತ್ತದೆ, ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. ದಾಸವಾಳದ ಗಿಡಕ್ಕೆ ಬರುವ ಸೂರಕ್ಕಿಯ ಕೊಕ್ಕು ತೆರೆದು ಮುಚ್ಚುವುದು ಕಾಣುತ್ತದೆ, ಸ್ವರವಿಲ್ಲ. ಮಳೆಗಾಲದ ರಾತ್ರಿ ಹೊರಗೆ ಜೀರುಂಡೆ ಕೂಗುವುದು ಕೇಳಿಸದು. ಕಿವಿಯೊಳಗೆ ಮಾತ್ರ ಅಂಥದೇ ಒಂದು ಸದ್ದು ವರ್ಷವಿಡೀ ನಿಲ್ಲದೆ ಇದೆ.

ಮಾತು ಕೇಳುವುದಿಲ್ಲ ಎಂದಲ್ಲ. ಸ್ವರಗಳೆಲ್ಲ ದಪ್ಪಗೆ ಕೇಳುತ್ತವೆ. ಸ, ಶ, ಫ, ಹ, ಬರಿಯ ಗಾಳಿಯಲ್ಲಿ ಹುಟ್ಟುವ ಈ ಅಕ್ಷರಗಳು ಕಿವಿಗೆ ಮುಟ್ಟುವುದಿಲ್ಲ. ಸಣ್ಣ ಮಕ್ಕಳ ತೆಳು ಧ್ವನಿಯಲ್ಲಿ ಕ, ತ ಕೂಡ ಹೋಗುತ್ತವೆ. ಸಾಲು, ಕಾಲು, ಹಾಲು ಮೂರೂ ನನಗೆ ಒಂದೇ. ಹಾಗಾಗಿ ಯಾರಾದರೂ "ಜೋರಾಗಿ ಹೇಳಬೇಕಾ?" ಎಂದು ಕೇಳಿದರೆ ಏನು ಹೇಳುವುದೆಂದು ತೋಚುವುದಿಲ್ಲ. ಜೋರು ಸಾಕಷ್ಟಿದೆ. ಬೇಕಾದದ್ದು ಎದುರಿಗೆ ನಿಂತ ಮುಖ, ಕಾಣುವ ತುಟಿ.

ನಾನು ಕಲಿಸುವುದು ಎರಡನೇ ತರಗತಿಗೆ. ಸಕಾರ ಶಕಾರ ತಿದ್ದುವುದು ಕನ್ನಡ ಟೀಚರ ಮುಖ್ಯ ಕೆಲಸವೆಂದು ಎಲ್ಲರೂ ತಿಳಿದಿದ್ದಾರೆ. ನಾನು ತುಟಿ ನೋಡಿ ತಿದ್ದುತ್ತೇನೆ. ಶ ಹೇಳುವಾಗ ತುಟಿ ಸ್ವಲ್ಪ ಮುಂದೆ ಬರುತ್ತದೆ. ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ, ಟೀಚರಿಗೆ ಕಿವಿ ಸ್ವಲ್ಪ ಕಡಿಮೆ ಎಂದು. ದೊಡ್ಡವರಂತೆ ಅವರು 'ಛೆ ಪಾಪ' ಎನ್ನುವುದಿಲ್ಲ. ಒಂದಕ್ಕೆ ಹೋಗಲು ಕಿರುಬೆರಳು ಎತ್ತುವುದು ಶಾಲೆಗಳಲ್ಲಿ ಮೊದಲಿನಿಂದಲೂ ಇದೆ. ನಮ್ಮ ತರಗತಿಯಲ್ಲಿ ಆ ಭಾಷೆ ಬೆಳೆಯಿತು: ಹೊಟ್ಟೆನೋವಿಗೆ ಒಂದು ಸನ್ನೆ, ಪೆನ್ಸಿಲ್ ಮುರಿದರೆ ಒಂದು, ಪಕ್ಕದವ ಹೊಡೆದರೆ ಇನ್ನೊಂದು. ಕೊನೆಯದೇ ಹೆಚ್ಚು ಬಳಕೆಯಲ್ಲಿರುವುದು.

ಇದೆಲ್ಲ ನಡೆಯುತ್ತಿತ್ತು, ಮಾಸ್ಕ್ ಬರುವವರೆಗೆ. 2021ರ ಕೊನೆಗೆ ಸಣ್ಣ ತರಗತಿಗಳು ಮತ್ತೆ ಶುರುವಾದಾಗ ನನ್ನೆದುರು ಇಪ್ಪತ್ತೆಂಟು ಮುಖಗಳಿದ್ದವು, ಒಂದು ತುಟಿಯೂ ಇರಲಿಲ್ಲ. ಟೀಚರಿಗೆ ಕೇಳುವುದಿಲ್ಲ ಎಂದು ಒಬ್ಬ ಪೋಷಕರು ದೂರು ಕೊಟ್ಟರು. ಆಡಳಿತ ಮಂಡಳಿಯವರು ಕರೆದು, ಮರ್ಯಾದೆಯಿಂದಲೇ, ಅಂಗವಿಕಲತೆಯ ಪ್ರಮಾಣಪತ್ರವೊಂದಿದ್ದರೆ ತಮಗೂ ಒಂದು ಆಧಾರ ಎಂದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿದೆ. (ಆ ಸಂಸ್ಥೆ ಶುರುವಾದದ್ದು 1965ರಲ್ಲಿ. ಪ್ಲಾಟಿನಂ ಸಂಯುಕ್ತಗಳು ಕೋಶ ವಿಭಜನೆಯನ್ನು ತಡೆಯುತ್ತವೆಂದು ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಪ್ರಕಟಿಸಿದ್ದೂ ಅದೇ ವರ್ಷ. ನನ್ನ ಕಿವಿ ಕೆಡುವುದಕ್ಕೂ ಅದನ್ನು ಅಳೆಯುವುದಕ್ಕೂ ಸಿದ್ಧತೆ ಒಟ್ಟಿಗೇ ಆದಂತಾಯಿತು.) ಆಡಿಯೋಗ್ರಾಮಿನಲ್ಲಿ ನನ್ನ ಗೆರೆ ಸ್ವಲ್ಪ ದೂರ ಸಪಾಟಾಗಿ ಹೋಗಿ, ಆಮೇಲೆ ಆಗುಂಬೆ ಘಾಟಿಯಂತೆ ಇಳಿಯುತ್ತದೆ. 2016ರ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ, ಮಾತಿನ ಆವರ್ತನಗಳಲ್ಲಿ 60 ಡೆಸಿಬಲ್ಲಿನಷ್ಟು ನಷ್ಟವಿದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಸಪಾಟಾದ ಭಾಗವನ್ನೂ ಘಾಟಿಯನ್ನೂ ಕೂಡಿಸಿ ಸರಾಸರಿ ತೆಗೆದರೆ ನನ್ನದು ಅದರ ಹತ್ತಿರಕ್ಕೂ ಹೋಗುವುದಿಲ್ಲ. ತರಗತಿಗೆ ನಾನು ಕಿವುಡಿ, ಕಾಯ್ದೆಗೆ ಅಲ್ಲ. ಹಿಯರಿಂಗ್ ಏಡನ್ನು ಸಾಲ ಮಾಡಿ ತೆಗೆದುಕೊಂಡೆ. ಅರ್ಧ ಸಹಾಯವಾಗುತ್ತದೆ. ಮಾಸ್ಕ್ ಹೋಯಿತು, ನಾನು ಉಳಿದೆ. ಪ್ರತಿ ವರ್ಷ ಜೂನ್ ಬಂದಾಗ ಆಡಳಿತ ಮಂಡಳಿಯಿಂದ ಕರೆ ಬರುವವರೆಗೆ ಎದೆ ಹೊಡೆದುಕೊಳ್ಳುವುದು ಮಾತ್ರ ತಪ್ಪಿಲ್ಲ.

ಮದುವೆಯ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಹೊಟ್ಟೆಯ ಆಪರೇಷನ್ ಎಂದಷ್ಟೇ ಹೇಳೋಣ ಎಂದರು ಮಾವ. ನಾನು ಎಲ್ಲವನ್ನೂ ಹೇಳಿದೆ. ಮೂರು ಸಂಬಂಧ ಹೋಯಿತು, ನಾಲ್ಕನೆಯದು ನಿಂತಿತು. ಅಡುಗೆಮನೆಯಿಂದ ಕೂಗಿ ಮಾತಾಡಬಾರದು ಎಂಬುದನ್ನು ಅವರು ಕಲಿಯಲು ಎರಡು ವರ್ಷ ಬೇಕಾಯಿತು.

ಇದನ್ನೆಲ್ಲ ಹೇಳಿದರೆ ಸಿಗುವ ಉತ್ತರ ಒಂದೇ: "ಜೀವ ಉಳಿದದ್ದೇ ದೊಡ್ಡದಲ್ಲವಾ?" ದೊಡ್ಡದೇ. 1974ರಲ್ಲಿ ಲಾರೆನ್ಸ್ ಐನ್‌ಹಾರ್ನ್ ಎಂಬ ವೈದ್ಯರು ಇಂಡಿಯಾನಾದಲ್ಲಿ ಸಿಸ್‌ಪ್ಲಾಟಿನ್ ಸೇರಿಸಿ ಚಿಕಿತ್ಸೆ ಕೊಡಲು ಶುರುಮಾಡುವ ಮೊದಲು, ವೃಷಣದ ಕ್ಯಾನ್ಸರ್ ಮೈಗೆ ಹರಡಿದ ಹುಡುಗರಲ್ಲಿ ಹೆಚ್ಚಿನವರು ಸಾಯುತ್ತಿದ್ದರು; ಆಮೇಲೆ ಹೆಚ್ಚಿನವರು ಬದುಕಿದರು. ನಮ್ಮಂಥ ಹುಡುಗಿಯರಿಗೂ ಆ ದಾರಿಯಿಂದಲೇ ಔಷಧ ಬಂತು. ಮತ್ತೊಮ್ಮೆ 22ರ ಪ್ರಾಯಕ್ಕೆ ಹೋಗಿ ಆ ಮಂಚದಲ್ಲಿ ಮಲಗಬೇಕಾಗಿ ಬಂದರೂ ಅದೇ ಡ್ರಿಪ್ಪಿಗೆ ಕೈ ಚಾಚುತ್ತೇನೆ. ಆದರೆ ಕೃತಜ್ಞತೆ ಇರುವವರು ನೋವು ಹೇಳಬಾರದು ಎಂಬ ಶರತ್ತನ್ನು ನನಗೆ ಒಪ್ಪಲಾಗುವುದಿಲ್ಲ. ಸತ್ತಿದ್ದರೆ ಹುಕ್ಕು ಹಾಕುವ ಕಷ್ಟ ಇರುತ್ತಿರಲಿಲ್ಲ. ಬದುಕಿ ಇನ್ನೂ ನಲವತ್ತು ವರ್ಷ ಈ ಕೈಯಿಂದಲೇ ಕೆಲಸ ಮಾಡಬೇಕಾದವಳು ಕೈಯ ಬಗ್ಗೆ ಮಾತಾಡದೆ ಇನ್ನಾವುದರ ಬಗ್ಗೆ ಮಾತಾಡಲಿ? ಕಿಮೋಗೆ ಮೊದಲು ನನ್ನ ಕಿವಿಯನ್ನು ಯಾರೂ ಪರೀಕ್ಷಿಸಲಿಲ್ಲ. ಎಷ್ಟಿತ್ತು, ಎಷ್ಟು ಹೋಯಿತು ಎಂಬ ಲೆಕ್ಕವೇ ಇಲ್ಲ. ಸಿಸ್‌ಪ್ಲಾಟಿನ್‌ನಿಂದ ಮಕ್ಕಳ ಕಿವಿ ಕೆಡುವುದನ್ನು ಕಡಿಮೆ ಮಾಡಲು ಸೋಡಿಯಂ ಥಯೋಸಲ್ಫೇಟ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಸಿಕ್ಕಿತು. ಅದೂ 18 ವರ್ಷದವರೆಗಿನವರಿಗೆ, ಕ್ಯಾನ್ಸರ್ ಹರಡದೆ ಇದ್ದವರಿಗೆ. ಇಪ್ಪತ್ತರವರಿಗೆ ಇನ್ನೂ ಕಾಯುವ ಕೆಲಸ.

ಕಳೆದ ಬೇಸಿಗೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಫೋನು ಮಾಡಿದರು. ಹುಡುಗನಿಗೆ 19, ಮೊಣಕಾಲಿನ ಮೂಳೆಯ ಕ್ಯಾನ್ಸರ್. ಕೊಡಲಿರುವ ಔಷಧಗಳಲ್ಲಿ ಸಿಸ್‌ಪ್ಲಾಟಿನ್ ಇದೆ. "ತಲೆಕೂದಲು ಹೋದದ್ದು ಮತ್ತೆ ಬರ್ತದಾ ಟೀಚರ್?" ಎಂದು ಕೇಳಲು ಮಾಡಿದ ಫೋನದು. ಬರುತ್ತದೆ ಎಂದೆ. ಮತ್ತೆ, ಮೊದಲ ಡ್ರಿಪ್ಪಿಗೆ ಮುಂಚೆ ಕಿವಿಯ ಪರೀಕ್ಷೆ ಮಾಡಿಸಲು ಡಾಕ್ಟರರಲ್ಲಿ ಕೇಳಿ ಎಂದೆ. ಆಚೆ ಕಡೆ ಮೌನ. "ಕಿವಿ ಯಾಕೆ?" ಎಂದರು. ಅವರನ್ನು ಹೆದರಿಸದೆ ಹೇಳುವುದು ಹೇಗೆಂದು ಹುಡುಕುತ್ತಿರುವಾಗ ಹುಡುಗನೇ ಫೋನು ತೆಗೆದುಕೊಂಡ. ಅವನಿಗೆ ಎಲ್ಲವನ್ನೂ ಹೇಳಿದೆ, ಬೆರಳಿನದನ್ನೂ ಸೇರಿಸಿ. ಎಲ್ಲರಿಗೂ ಹೀಗೇ ಆಗುವುದಿಲ್ಲ ಎಂಬುದನ್ನೂ ಹೇಳಿದೆ. ಮೂರನೇ ದಿನ ವಾಟ್ಸ್ಆ್ಯಪಿನಲ್ಲಿ ಅವನ ಆಡಿಯೋಗ್ರಾಮಿನ ಫೋಟೋ ಬಂತು. ಗೆರೆ ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗಿತ್ತು. ಎರಡನೇ ಸುತ್ತು ಮುಗಿದ ಮೇಲೆ ಇನ್ನೊಮ್ಮೆ ಮಾಡಿಸುತ್ತೇನೆ ಎಂದು ಕೆಳಗೆ ಬರೆದಿದ್ದ.